ತಿಂಗಳಿಗೆ ಹತ್ತಿಪ್ಪತ್ತು ಪುಟ, ಬರೀ ಕಪ್ಪು ಅಕ್ಷರ: ಮನೆಗೆ ಯಾವ ಪ್ರಿಂಟರ್ ತಗೊಳ್ಳಲಿ?

ಕಾನಸೂರು_ಮಾಣಿ:

ಶಿರಸಿ ಕಡೆಯ ಹಳ್ಳಿ ನಮ್ಮದು. ಒಂದು ಪ್ರಿಂಟ್ ತೆಗೆಸಲಿಕ್ಕೆ ಪೇಟೆಗೆ ಹೋಗಿ ಬಂದರೆ ಅರ್ಧ ದಿನ ಹೋಯ್ತು. ಹಾಗಾಗಿ ಮನೆಗೇ ಒಂದು ತಗೊಳ್ಳುವಾ ಅಂತ.

ಬೇಕಾಗೋದು ಇಷ್ಟಕ್ಕೆ: ಪಹಣಿ, ಸೊಸೈಟಿ ಕಾಗದಪತ್ರ, ಮಗಳ ಶಾಲೆ ವರ್ಕ್‌ಶೀಟ್, ಮತ್ತೆ ಅಪ್ಪಯ್ಯನ ತಾಳಮದ್ದಳೆ ಪ್ರಸಂಗ. ಅಪ್ಪಯ್ಯಂಗೆ ಮೊಬೈಲಿನಲ್ಲಿ ಓದಲಿಕ್ಕೆ ಆಗೋದಿಲ್ಲ. ಪದ್ಯ ಎಲ್ಲ 18 ಪಾಯಿಂಟಿಗೆ ದೊಡ್ಡದು ಮಾಡಿ ಕಾಗದದಲ್ಲೇ ಕೊಡಬೇಕು. ಕಲರ್ ಬೇಡ, ಫೋಟೋ ಬೇಡ. ಒಂದು ತಿಂಗಳು ಇಪ್ಪತ್ತು ಪುಟ ಆದರೆ ಮುಂದಿನ ಎರಡು ತಿಂಗಳು ಏನೂ ಇಲ್ಲ, ಹೀಗೆ.

ಈಗ ಇರೋದು ಕಾರ್ಟ್ರಿಜ್ ಹಾಕುವ ಸಣ್ಣ ಇಂಕ್‌ಜೆಟ್. ಕಂಪನಿ ಹೆಸರು ಬೇಡ, ಎಲ್ಲದರದ್ದೂ ಇದೇ ಕಥೆ ಅಂತ ಕೇಳಿದ್ದೇನೆ. ಬೇಸಿಗೆಯಲ್ಲಿ ಕೆಲವು ವಾರ ಮುಟ್ಟದೆ ಬಿಟ್ಟದ್ದಕ್ಕೆ ಅಕ್ಷರದ ನಡುವೆ ಬಿಳಿ ಗೆರೆ. ಕ್ಲೀನಿಂಗ್ ಕೊಟ್ಟು ಕೊಟ್ಟು ಇಂಕೇ ಖಾಲಿ. ಕಪ್ಪು ಮತ್ತು ಕಲರ್ ಎರಡೂ ಕಾರ್ಟ್ರಿಜ್ ಹೊಸದು ತಗೊಂಡರೆ ಪ್ರಿಂಟರಿನ ಅರ್ಧ ಬೆಲೆ ಆಗ್ತದೆ.

ಬಜೆಟ್ 12 ಸಾವಿರದ ಆಚೀಚೆ. ಕರೆಂಟು ನಮ್ಮಲ್ಲಿ ಹೇಳಿ ಕೇಳಿ ಹೋಗೋದಿಲ್ಲ, ಇನ್ವರ್ಟರ್ ಇದೆ. ಮಳೆಗಾಲದಲ್ಲಿ ಮನೆಯೆಲ್ಲ ಥಂಡಿ. ಬಾಟಲಿಯಿಂದ ಮಸಿ ತುಂಬುವ ಇಂಕ್ ಟ್ಯಾಂಕೋ, ಲೇಸರೋ? ತಿಳಿದವರು ಹೇಳಿ.

ಎಸ್‌ಪಿರೋಡ್_ಸುತ್ತಾಟ:

ಕಪ್ಪು ಬಿಳುಪು ಲೇಸರ್. ಯೋಚನೆನೇ ಮಾಡಬೇಡಿ.

ಚಾಮುಂಡಿ_ತಪ್ಪಲು:

ಯಾವುದೂ ಬೇಡ ಅಂತ ಹೇಳೋರು ಒಬ್ಬರಾದರೂ ಇರಲಿ. ತಿಂಗಳಿಗೆ ಸರಾಸರಿ 15 ಪುಟ ಹಿಡಿದರೆ ವರ್ಷಕ್ಕೆ 180. ಅಂಗಡಿಯವನು ಪುಟಕ್ಕೆ 5 ರೂಪಾಯಿ ತಗೊಂಡರೂ 900 ರೂಪಾಯಿ. 12 ಸಾವಿರದ ಪ್ರಿಂಟರ್ ಖರ್ಚು ಹುಟ್ಟಲಿಕ್ಕೇ ಹದಿಮೂರು ವರ್ಷ ಬೇಕು, ಕಾಗದ, ಟೋನರ್ (ಲೇಸರಿನ ಮಸಿ ಪುಡಿ) ಬೇರೆ. ನಮ್ಮ ಮೈಸೂರಲ್ಲಿ ಬೀದಿಗೆ ಎರಡು ಜೆರಾಕ್ಸ್ ಅಂಗಡಿ ಇವೆ, ನಾನು ಇವತ್ತಿಗೂ ಪ್ರಿಂಟರ್ ತಗೊಂಡಿಲ್ಲ. ಪೇಟೆಗೆ ಹೇಗೂ ವಾರಕ್ಕೊಮ್ಮೆ ಹೋಗ್ತೀರಲ್ಲ, ಅವತ್ತೇ ತೆಗೆಸಿಕೊಂಡು ಬನ್ನಿ.

ಪುಣೆ_ಕನ್ನಡತಿ:

ಲೆಕ್ಕ ಸರಿ, ಆದರೆ ಅರ್ಧ ದಿನದ ಕೂಲಿ ಮತ್ತು ಬಸ್ ಚಾರ್ಜು ಅದರಲ್ಲಿ ಎಲ್ಲಿದೆ? ಇನ್ನೊಂದು ವಿಷಯ. ಅಂಗಡಿಯಲ್ಲಿ ಪ್ರಿಂಟ್ ಅಂದ್ರೆ ಈಗ ಏನು ಮಾಡ್ತೀವಿ? ಅವರ ವಾಟ್ಸಾಪ್ ನಂಬರಿಗೆ ಪಿಡಿಎಫ್ ಕಳಿಸ್ತೀವಿ. ಆಧಾರ್, ಪಾನ್, ಬ್ಯಾಂಕ್ ಸ್ಟೇಟ್‌ಮೆಂಟ್ ಎಲ್ಲ ಅವರ ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ಬಿದ್ದಿರುತ್ತೆ. ಇ-ಆಧಾರ್ ಪಾಸ್‌ವರ್ಡ್ ಅಂದ್ರೆ ಹೆಸರಿನ ಮೊದಲ ನಾಲ್ಕು ಅಕ್ಷರ ಮತ್ತು ಹುಟ್ಟಿದ ವರ್ಷ. ಅದನ್ನ ಸಾಲಲ್ಲಿ ನಿಂತು ಎಲ್ಲರಿಗೂ ಕೇಳೋ ಹಾಗೆ ಹೇಳಬೇಕು.

2022ರ ಮೇನಲ್ಲಿ ಆಧಾರ್ ಕೊಡೋ ಯುಐಡಿಎಐ ಸಂಸ್ಥೆಯ ಬೆಂಗಳೂರು ಪ್ರಾದೇಶಿಕ ಕಚೇರಿ ಒಂದು ಪ್ರಕಟಣೆ ಹೊರಡಿಸಿತ್ತು, ನೆನಪಿದೆಯಾ? ಆಧಾರ್ ಜೆರಾಕ್ಸ್ ಕಂಡಕಂಡವರಿಗೆ ಕೊಡಬೇಡಿ, ಇಂಟರ್ನೆಟ್ ಕೆಫೆಯಲ್ಲಿ ಇ-ಆಧಾರ್ ಇಳಿಸಬೇಡಿ, ಇಳಿಸಿದರೆ ಅಳಿಸಿ ಬನ್ನಿ ಅಂತ. ಜನ ತಪ್ಪು ತಿಳಿಯಬಹುದು ಅಂತ ಹೇಳಿ ಎರಡೇ ದಿನಕ್ಕೆ ವಾಪಸ್ ತಗೊಂಡರು. ಪ್ರಕಟಣೆ ಹೋಯ್ತು, ಅಂಗಡಿಯ ಫೋಲ್ಡರ್ ಹಾಗೇ ಇದೆ. ನಾನು ಪ್ರಿಂಟರ್ ಇಟ್ಕೊಂಡಿರೋದು ದುಡ್ಡು ಉಳಿಸೋಕಲ್ಲ, ಇದಕ್ಕೆ.

ಕುಡ್ಲ_ಬಸ್_ಸ್ಟ್ಯಾಂಡ್:

ಎಲ್ಲರೂ ಲೇಸರ್ ಲೇಸರ್ ಅಂತೀರಿ, ಇಂಕ್ ಟ್ಯಾಂಕಿನ ಪರವಾಗಿ ನಾನು ಮಾತಾಡ್ತೇನೆ. ನಮ್ಮ ಮನೆಯಲ್ಲಿ ಕೆಲವು ವರ್ಷದಿಂದ ಉಂಟು, ಒಂದು ತೊಂದರೆ ಇಲ್ಲ. ಎಪ್ಸನ್ ಎಲ್3250ಯಂಥದ್ದರಲ್ಲಿ 65 ಎಂಎಲ್ ಕಪ್ಪು ಬಾಟಲಿಗೆ 4,500 ಪುಟ ಅಂತಾರೆ ಕಂಪನಿಯವರು. ಬಾಟಲಿಗೆ ಕೊಡುವ ದುಡ್ಡು ನೋಡಿದರೆ ಪುಟಕ್ಕೆ ಹತ್ತಿಪ್ಪತ್ತು ಪೈಸೆ. ಸ್ಕ್ಯಾನರ್ ಸಹ ಸಿಕ್ತದೆ, ವೈಫೈ ಸಹ. ಇನ್ವರ್ಟರಿನಲ್ಲಿ ಆರಾಮಾಗಿ ಓಡ್ತದೆ, ಯಾಕೆಂದರೆ ಅದು ಎಳೆಯೋದು ಹತ್ತು ಹದಿನೈದು ವಾಟ್ ಮಾತ್ರ.

ಆದರೆ ಒಂದು ಸತ್ಯ ಹೇಳ್ತೇನೆ: ನಮ್ಮಲ್ಲಿ ಮಕ್ಕಳು ಇಬ್ಬರು, ವಾರಕ್ಕೆ ನಾಲ್ಕು ಪುಟ ಆದರೂ ಹೋಗಿಯೇ ಹೋಗ್ತದೆ. ಎರಡು ತಿಂಗಳು ಬಿಟ್ಟರೆ ಏನಾಗ್ತದೆ ಅಂತ ನೋಡಿದವನಲ್ಲ.

ಹುಬ್ಬಳ್ಳಿ_ರೀಫಿಲ್:

ಕುಡ್ಲದವರು ಕಡೀಗೆ ಬರದಾರಲ್ಲ, ಅದ ಮುಖ್ಯ ಮಾತು. ನಂದು ಟೋನರ್ ರೀಫಿಲ್ ಮತ್ತ ಪ್ರಿಂಟರ್ ರಿಪೇರಿ ಅಂಗಡಿ. ದಿನಾ ಬಿಚ್ಚತೀನಿ, ಅದಕ್ಕ ಸ್ವಲ್ಪ ಉದ್ದ ಬರೀತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ.

ಇಂಕ್‌ಜೆಟ್‌ನ್ಯಾಗ ಮಸಿ ಸಿಡಿಸೂ ಹೆಡ್ ಅಂತ ಇರ್ತೈತಿ, ಅದರಾಗ ಕೂದಲಕಿಂತ ಸಣ್ಣ ತೂತು ನೂರಾರು ಇರ್ತಾವ. ಮಸಿ ನೀರಿಂದು. ಹೆಡ್ ನಿಲ್ಲೂ ಜಾಗಾದಾಗ ಒಂದು ರಬ್ಬರ್ ಕ್ಯಾಪ್ ಇರ್ತೈತಿ, ಗಾಳಿ ಹೋಗದಂಗ ಮುಚ್ಚೂದು ಅದರ ಕೆಲಸ. ಆ ರಬ್ಬರ್ ಮ್ಯಾಲೆ ಧೂಳು ಕುಂತ್ರ, ಇಲ್ಲಾ ಕೆಲಸ ನಡದಾಗ ಕರೆಂಟ್ ಹೋಗಿ ಹೆಡ್ ನಡುವನ ನಿಂತ್ರ, ತೂತು ಒಣಗ್ತಾವ. ಇದಕ್ಕ ಸ್ವಿಚ್ ಬೋರ್ಡಿಂದ ಬಂದ್ ಮಾಡಬಾರದು, ಪ್ರಿಂಟರಿನ ಬಟನ್‌ದಿಂದನ ಆಫ್ ಮಾಡಬೇಕು. ಹತ್ತರಾಗ ಒಂಬತ್ತು ಮಂದಿ ಇದನ್ನ ಮಾಡೂದಿಲ್ಲ.

ಆಮ್ಯಾಲೆ ಕ್ಲೀನಿಂಗ್ ಕೊಡತೀರಿ. ಆ ಮಸಿ ಎಲ್ಲಿಗೆ ಹೋಗತೈತಿ? ಒಳಗ ಒಂದು ಸ್ಪಂಜಿನಂಥ ಪ್ಯಾಡ್ ಇರ್ತೈತಿ, ಅದಕ್ಕ ಇಳೀತೈತಿ. ಪ್ರಿಂಟರ್ ಅದರ ಲೆಕ್ಕ ಇಡತೈತಿ. ಪ್ಯಾಡ್ ತುಂಬೇತಿ ಅಂತ ಲೆಕ್ಕಕ್ಕ ಬಂತಂದ್ರ ಲೈಟ್ ಮಿಣುಕಿಸಿ ನಿಂತ ಬಿಡತೈತಿ. ಪ್ಯಾಡ್ ಬದಲ ಮಾಡಿ ಕೌಂಟರ್ ರೀಸೆಟ್ ಮಾಡಬೇಕು. ಕೆಲವು ಹೊಸ ಮಾಡೆಲ್‌ದಾಗ ಮೆಂಟೆನೆನ್ಸ್ ಬಾಕ್ಸ್ ಅಂತ ಮನ್ಯಾಗ ಬದಲ ಮಾಡೂವಂಥದ್ದು ಕೊಟ್ಟಾರ, ಅದು ಛಲೋ.

ಕಾರ್ಟ್ರಿಜ್ ಪ್ರಿಂಟರ್ ಮತ್ತ ಟ್ಯಾಂಕ್ ಪ್ರಿಂಟರ್ ಕೆಡೂ ರೀತಿ ಬ್ಯಾರೆ ಬ್ಯಾರೆ. ಎಚ್‌ಪಿ 680, 803 ಇಂಥಾ ಕಾರ್ಟ್ರಿಜ್‌ನ್ಯಾಗ ಹೆಡ್ ಕಾರ್ಟ್ರಿಜ್‌ಗೇ ಅಂಟಿರತೈತಿ. ಕೆಟ್ಟರ ಕಾರ್ಟ್ರಿಜ್ ಒಗದು ಹೊಸಾದು ಹಾಕಿದ್ರಾತು, ಆದ್ರ ಪುಟಕ್ಕ ದುಬಾರಿ. 803ರ ಸಣ್ಣ ಕಪ್ಪಿಗೆ ಕಂಪನಿನ ಹೇಳೂದು 120 ಪುಟ. ಟ್ಯಾಂಕ್‌ನ್ಯಾಗ ಮಸಿ ಅಗ್ಗ, ಆದ್ರ ಎಪ್ಸನ್‌ದಂಥಾದ್ರಾಗ ಹೆಡ್ ಮಷಿನ್‌ದಾಗ ಕಾಯಂ. ಅದು ಪೂರ್ತಿ ಕಟ್ಟಿತಂದ್ರ ರಿಪೇರಿ ಖರ್ಚು ಕೇಳಿ ಗಿರಾಕಿ ಎದ್ದ ಹೋಗ್ತಾರ. ಕ್ಯಾನನ್ ಜಿ ಸೀರೀಸ್‌ನ್ಯಾಗ ಹೆಡ್ ಬಿಚ್ಚಿ ಬದಲ ಮಾಡಾಕ ಬರ್ತೈತಿ.

ಈಗ ಲೇಸರ್. ಟೋನರ್ ಅಂದ್ರ ಪ್ಲಾಸ್ಟಿಕ್ ಪುಡಿ. ನೀರ ಇಲ್ಲ, ಒಣಗೂದೇನು? ಡ್ರಮ್ ಅನ್ನೂ ಉರುಳಿ ಮ್ಯಾಲೆ ಬೆಳಕಿನ ಗೆರಿ ಎಳದು ಅಕ್ಷರ ಮೂಡಸ್ತೈತಿ, ಪುಡಿ ಅಲ್ಲಿಗೆ ಅಂಟತೈತಿ, ಕಾಗದಕ್ಕ ಇಳೀತೈತಿ, ಕಡೀಗೆ ಫ್ಯೂಸರ್ 200 ಡಿಗ್ರಿ ಸುಮಾರು ಕಾಸಿ ಕರಗಿಸಿ ಕೂಡಸ್ತೈತಿ. ಆರು ತಿಂಗಳು ಬಿಟ್ಟು ಹಚ್ಚಿದ್ರೂ ಮೊದಲನೇ ಪುಟಾನ ಸ್ವಚ್ಛ ಬರತೈತಿ. ಮಳ್ಯಾಗ ತೊಯ್ದರೂ ಅಕ್ಷರ ಹರಡೂದಿಲ್ಲ.

ಕೆಡೂದೇನಂದ್ರ: ಕಾಗದ ಎಳಿಯೂ ಪಿಕಪ್ ರೋಲರ್ ನುಣ್ಣಗ ಆಗತೈತಿ, ಫ್ಯೂಸರ್ ಫಿಲ್ಮ್ ಹರೀತೈತಿ, ಕಾರ್ಟ್ರಿಜ್‌ನ್ಯಾಗ ವೈಪರ್ ಬ್ಲೇಡ್ ಸವದು ಪುಟದ ಮ್ಯಾಲೆ ಕರಿ ಗೆರಿ ಬರ್ತಾವ. ತಿಂಗಳಿಗೆ 20 ಪುಟ ಹೊಡಿಯವರ ಮನ್ಯಾಗ ಇವೆಲ್ಲಾ ಸವಿಯೂದು ಯಾವ ಕಾಲಕ್ಕ? 2,000 ಪುಟದ ಟೋನರ್ ನಿಮಗ ಎಂಟು ವರ್ಷ ಬರತೈತಿ. ನನ್ನಂಥವನಿಗೆ ನೀವು ಗಿರಾಕಿನ ಅಲ್ಲ ಬಿಡ್ರಿ.

ಕುಡ್ಲ_ಬಸ್_ಸ್ಟ್ಯಾಂಡ್:

ಒಪ್ಪಿದೆ ಅಣ್ಣಾ. ಆದರೆ ಟ್ಯಾಂಕಿನಲ್ಲೇ ಬರೀ ಕಪ್ಪಿನದ್ದೂ ಉಂಟಲ್ಲ, ಎಪ್ಸನ್ ಎಂ1120 ಹಾಗಿನದ್ದು. ಪಿಗ್ಮೆಂಟ್ ಮಸಿ (ಬಣ್ಣದ ಸಣ್ಣ ಪುಡಿ ಕಲೆಸಿದ್ದು), ನೀರು ಬಿದ್ದರೂ ಬೇಗ ಹರಡೋದಿಲ್ಲ, ವೈಫೈ ಉಂಟು, ಬಾಟಲಿಗೆ 6,000 ಪುಟ ಹೇಳ್ತಾರೆ.

ಹುಬ್ಬಳ್ಳಿ_ರೀಫಿಲ್:

ಐತ್ರಿ, ಮಷಿನ್ ಛಲೋ ಐತಿ. ವಕೀಲರ ಆಫೀಸಿಗೆ, ಟ್ಯೂಶನ್ ಕ್ಲಾಸಿಗೆ ಕಣ್ಣ ಮುಚ್ಚಿ ಕೊಡತೀನಿ. ಆದ್ರ ಪಿಗ್ಮೆಂಟ್ ಒಣಗಿದ್ರ ಬಿಡಸೂದು ಡೈ ಮಸಿಗಿಂತ (ಬಣ್ಣ ನೀರಾಗ ಕರಗಿದ್ದು) ತ್ರಾಸ. ಇವರು ಎರಡು ತಿಂಗಳು ಮುಟ್ಟೂದಿಲ್ಲ ಅಂದಾರ. ಭಾನುವಾರಕ್ಕೊಂದು ಪುಟ ತೆಗೀತೀನಿ ಅಂತ ನೆನಪ ಇಟ್ಕೊಳ್ಳವರಿಗೆ ಅಡ್ಡಿಯಿಲ್ಲ.

ಡಾಟ್_ಮ್ಯಾಟ್ರಿಕ್ಸ್_ಅಜ್ಜ:

ಟಿವಿಎಸ್‌ನ ಡಾಟ್ ಮ್ಯಾಟ್ರಿಕ್ಸ್ ಒಂದು ತಗೊಳ್ಳಿ. ರಿಬ್ಬನ್ ಹಾಕಿದರೆ ಮೊಮ್ಮಕ್ಕಳ ಕಾಲಕ್ಕೂ ಓಡುತ್ತೆ. ಕನ್ನಡ ಒತ್ತಕ್ಷರ ಓದಲು ಬರಲ್ಲ, ಅಕ್ಕಪಕ್ಕದ ಮನೆಯವರಿಗೆ ನಿದ್ದೆ ಬರಲ್ಲ, ಅಷ್ಟೇ.

ಪುಣೆ_ಕನ್ನಡತಿ:

ಅಜ್ಜಾ 😄 ಈಗ ಮಸಿಯೇ ಬೇಡದ ಎ4 ಥರ್ಮಲ್ ಪ್ರಿಂಟರ್ ಅಂತ ಜಾಹೀರಾತು ಬರ್ತಿದೆ, ಬೆಲೆ ನೋಡಿ ಯಾರೂ ಮರುಳಾಗಬೇಡಿ. ಎಟಿಎಂ ಚೀಟಿಯ ಕಾಗದವೇ ಅದು. ಬಿಸಿಲಿಗೆ ಬಿಟ್ಟ ಚೀಟಿ ಏನಾಗುತ್ತೆ ಅಂತ ಗೊತ್ತಲ್ಲ. ಪಹಣಿಗೆ ಆಗಲ್ಲ, ಪ್ರಸಂಗಕ್ಕಂತೂ ಬೇಡ.

ಕಾನಸೂರು_ಮಾಣಿ:

ರೀಫಿಲ್ ಅಣ್ಣ ಬರೆದದ್ದು ಓದಿದ ಮೇಲೆ ಲೇಸರ್ ಅಂತ ಮನಸ್ಸು ಮಾಡಿದೆ. ಆದರೆ ಇನ್ವರ್ಟರಿನದ್ದು? 850 ವಿಎ ಇದೆ ನಮ್ಮಲ್ಲಿ. ಮತ್ತೆ ಮಾಡೆಲ್ ಯಾವುದು? ಸ್ಕ್ಯಾನರ್ ಇರುವುದು ತಗೊಳ್ಳಬೇಕಾ?

ವೋಲ್ಟೇಜ್_ಭಟ್ಟ:

ಇನ್ವರ್ಟರಿಗೆ ಲೇಸರ್ ಹಾಕಬೇಡಿ. ಪ್ರಿಂಟ್ ಆಗುವಾಗ ಸರಾಸರಿ ಕೆಲವು ನೂರು ವಾಟ್, ಆದರೆ ಫ್ಯೂಸರ್ ಕಾಯಿಸುವ ಗಳಿಗೆಯಲ್ಲಿ ಅದಕ್ಕಿಂತ ತುಂಬ ಜಾಸ್ತಿ ಎಳೆಯುತ್ತದೆ. ಮನೆಯ ಬೇರೆ ಲೋಡ್ ಮೇಲೆ ಇದೂ ಬಿದ್ದರೆ 850 ವಿಎ ಓವರ್‌ಲೋಡ್ ಆಗಿ ಟ್ರಿಪ್ ಆಗಬಹುದು. ಇನ್ವರ್ಟರ್ ಸ್ಕ್ವೇರ್ ವೇವ್ (ಅಗ್ಗದ, ಒರಟು ಅಲೆಯ ಕರೆಂಟ್ ಕೊಡುವಂಥದ್ದು) ಆಗಿದ್ದರಂತೂ ಫ್ಯೂಸರ್ ಕಂಟ್ರೋಲಿಗೆ ಒಳ್ಳೆಯದಲ್ಲ. ಡೆಸ್ಕ್‌ಟಾಪಿಗೆ ಇಡುವ 600 ವಿಎ ಯುಪಿಎಸ್‌ಗೂ ಬೇಡ. ಇನ್ವರ್ಟರ್ ಲೈನ್ ಇಲ್ಲದ 15 ಆಂಪ್ ಪಾಯಿಂಟ್ ಅಡುಗೆಮನೆಯಲ್ಲೋ ಗೀಸರ್ ಹತ್ತಿರವೋ ಇರುತ್ತದಲ್ಲ, ಅಂಥ ನೇರ ಲೈನಿಗೆ ಹಾಕಿ. ಕರೆಂಟಿದ್ದಾಗ ಪ್ರಿಂಟ್ ಮಾಡಿ. ವರ್ಷಕ್ಕೆ ಇನ್ನೂರು ಪುಟಕ್ಕೆ ಇನ್ವರ್ಟರ್ ಯಾಕೆ ಬೇಕು?

ಪ್ರಿಂಟ್ ನಡುವೆ ಕರೆಂಟ್ ಹೋದರೆ ಒಳಗೆ ಸಿಕ್ಕ ಕಾಗದವನ್ನು ಕೂಡಲೇ ಎಳೆಯಬೇಡಿ, ಫ್ಯೂಸರ್ ಬಿಸಿ ಇರುತ್ತದೆ.

ಎಸ್‌ಪಿರೋಡ್_ಸುತ್ತಾಟ:

ಮಾಡೆಲ್ ವಿಷಯ ನನಗೆ ಬಿಡಿ. ಬೆಲೆ ವಾರಕ್ಕೊಂದು ಥರ ಇರುತ್ತೆ, ಅದನ್ನ ನೀವೇ ಅಂಗಡಿಯಲ್ಲಿ ಕೇಳಿ.

ಕ್ಯಾನನ್ ಎಲ್‌ಬಿಪಿ 2900: ಊರಲ್ಲಿರೋ ಅರ್ಧ ಸೈಬರ್ ಸೆಂಟರ್, ಡಿಟಿಪಿ ಅಂಗಡಿಯಲ್ಲಿ ಇದೇ. ನಿಮಿಷಕ್ಕೆ 12 ಪುಟ, ಯುಎಸ್‌ಬಿ ಮಾತ್ರ, ಎರಡೂ ಬದಿ ಬೇಕಂದ್ರೆ ಕೈಯಲ್ಲಿ ತಿರುಗಿಸಿ ಹಾಕಬೇಕು. 303 ಕಾರ್ಟ್ರಿಜ್, 2,000 ಪುಟ. ಇದಕ್ಕೂ ಎಚ್‌ಪಿ 1020ರ 12ಎ ಕಾರ್ಟ್ರಿಜ್‌ಗೂ ಹೆಚ್ಚು ಕಡಿಮೆ ಒಂದೇ ಮೈಕಟ್ಟು, ಹಾಗಾಗಿ ಯಾವ ತಾಲ್ಲೂಕಿಗೆ ಹೋದರೂ ರೀಫಿಲ್, ಸ್ಪೇರ್ ಸಿಗುತ್ತೆ. ಲಿನಕ್ಸ್ ಬಳಸೋರು ಹತ್ತಿರ ಹೋಗಬೇಡಿ, ಡ್ರೈವರ್ ಹಾಕಿ ಮುಗಿಸುವಷ್ಟರಲ್ಲಿ ಬೆಳಗಾಗುತ್ತೆ.

ಬ್ರದರ್ ಎಚ್‌ಎಲ್-ಎಲ್2321ಡಿ: ನಿಮಿಷಕ್ಕೆ 30 ಪುಟ, ತಾನೇ ಎರಡೂ ಬದಿ ಮಾಡುತ್ತೆ. ಟೋನರ್ ಬೇರೆ, ಡ್ರಮ್ ಬೇರೆ. ಟೋನರ್ 2,600 ಪುಟ, ಡ್ರಮ್ 12,000. ಬ್ರದರ್ ಹೆಸರಿನ ಕೊನೆಯ ಅಕ್ಷರ ನೋಡಿ ತಗೊಳ್ಳಿ: ಡಿ ಇದ್ದರೆ ಎರಡೂ ಬದಿ, ಎನ್ ಇದ್ದರೆ ನೆಟ್‌ವರ್ಕ್ ಕೇಬಲ್, ಡಬ್ಲ್ಯು ಇದ್ದರೆ ವೈಫೈ. ಮೊಬೈಲಿಂದಲೇ ಕೊಡಬೇಕು ಅಂದ್ರೆ ಡಿಡಬ್ಲ್ಯು ಇರೋದು ಹುಡುಕಿ, ಒಂದೆರಡು ಸಾವಿರ ಜಾಸ್ತಿ ಆಗಬಹುದು.

ಎಚ್‌ಪಿ ಲೇಸರ್ 108ಎ, 1008ಎ ಸಾಲಿನವು ಚಿಕ್ಕವು, ಮೇಜಿನ ಮೂಲೇಲಿ ಕೂರುತ್ತೆ. ಟೋನರ್‌ನಲ್ಲಿ ಚಿಪ್ ಇರುತ್ತೆ, ರೀಫಿಲ್ ಮಾಡಿದಾಗ ಚಿಪ್ ಬದಲಾಯಿಸಬೇಕಾಗುತ್ತೆ. ಎಚ್‌ಪಿಯಲ್ಲಿ ಮಾಡೆಲ್ ನಂಬರಿನ ಕೊನೆಗೆ ಇಂಗ್ಲಿಷಿನ "ಇ" ಅಕ್ಷರ ಕಂಡರೆ ಅದು ಎಚ್‌ಪಿ ಪ್ಲಸ್: ಯಾವಾಗಲೂ ಇಂಟರ್ನೆಟ್ ಬೇಕು, ಅಕೌಂಟ್ ಬೇಕು, ಅವರದೇ ಕಾರ್ಟ್ರಿಜ್ ಬೇಕು. ಹಳ್ಳಿಯ ನೆಟ್‌ವರ್ಕ್ ನಂಬಿಕೊಂಡು ಅದು ಬೇಡವೇ ಬೇಡ.

ಯಾವ ಕಂಪನಿಯದೇ ಆಗಲಿ, ಡಬ್ಬದ ಜೊತೆ ಬರೋ ಟೋನರ್ ಪೂರ್ತಿದೋ ಅರೆಬರೆಯೋ ಅಂತ ಮೊದಲೇ ಕೇಳಿ. 108ಎ ಜೊತೆ ಬರೋದು 500 ಪುಟದ್ದು, ಅಂಗಡಿಯಲ್ಲಿ ತಗೊಂಡರೆ 1,500 ಪುಟದ್ದು.

ದುಡ್ಡು ಇನ್ನೂ ಕಡಿಮೆ ಅಂದ್ರೆ ಬೆಂಗಳೂರಿನ ಎಸ್‌ಪಿ ರೋಡಲ್ಲಿ ಸೆಕೆಂಡ್ ಹ್ಯಾಂಡ್ 2900, 1020 ಹೊಸದರ ಅರ್ಧಕ್ಕಿಂತ ಕಡಿಮೆಗೆ ಸಿಗುತ್ತೆ. ನಿಮ್ಮ ಮುಂದೆಯೇ ಹತ್ತು ಪುಟ ಸತತ ಹೊಡೆಸಿ. ಒಂದೇ ಸಲ ಎರಡು ಹಾಳೆ ಎಳೀತಾ, ಬೆರಳಲ್ಲಿ ಉಜ್ಜಿದರೆ ಅಕ್ಷರ ಉದುರುತ್ತಾ, ಪುಟದುದ್ದಕ್ಕೂ ಒಂದೇ ಅಂತರದಲ್ಲಿ ಚುಕ್ಕೆ ಬೀಳುತ್ತಾ ನೋಡಿ. ಉದುರಿದರೆ ಫ್ಯೂಸರ್, ಚುಕ್ಕೆ ಬಿದ್ದರೆ ಡ್ರಮ್.

ಹುಬ್ಬಳ್ಳಿ_ರೀಫಿಲ್:

ಬ್ರದರ್‌ನ್ಯಾಗ ಇನ್ನೊಂದು ಗಮ್ಮತ್ತ ಐತಿ. ಟೋನರ್ ಮುಗೀತು ಅಂತ ನಿಂತ್ರೂ ಕಂಟಿನ್ಯೂ ಮೋಡ್ ಹಾಕಿದ್ರ ಮುಂದ ಓಡತೈತಿ, ಅಕ್ಷರ ತೆಳ್ಳಗ ಆಗೂ ತನಕ ಪುಡಿ ಉಳದಿರತೈತಿ. ಬಟನ್ ಹೆಂಗ ಒತ್ತಬೇಕು ಅಂತ ಮ್ಯಾನುವಲ್‌ದಾಗ ಐತಿ, ಯಾರೂ ಓದೂದಿಲ್ಲ.

ಚಾಮುಂಡಿ_ತಪ್ಪಲು:

ಸ್ಕ್ಯಾನರ್ ಪ್ರಶ್ನೆಗೆ ಯಾರೂ ಉತ್ತರ ಕೊಟ್ಟಿಲ್ಲ. ಫೋನಿನಲ್ಲೇ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿದರೆ ಅರ್ಜಿ ಅಪ್‌ಲೋಡಿಗೆ ಸಾಕು. ಗುರುತಿನ ಚೀಟಿಯ ಎರಡೂ ಬದಿ ಒಂದೇ ಹಾಳೆಗೆ ಜೆರಾಕ್ಸ್, ಪಾಸ್‌ಬುಕ್ ಜೆರಾಕ್ಸ್ ಪದೇ ಪದೇ ಬೇಕಿದ್ದರೆ ಮಾತ್ರ ಪ್ರಿಂಟ್, ಸ್ಕ್ಯಾನ್, ಜೆರಾಕ್ಸ್ ಮೂರೂ ಮಾಡುವ ಮಲ್ಟಿಫಂಕ್ಷನ್. ಅದಕ್ಕೆ ಬಜೆಟ್ ಮೀರುತ್ತೆ.

(ಇಷ್ಟೆಲ್ಲ ಹೇಳಿದ ಮೇಲೂ ನನ್ನ ವೋಟು ಅಂಗಡಿಗೇ.)

ನುಡಿ_ಬರಹ_ಯೂನಿಕೋಡ್:

ಪ್ರಸಂಗದ ಪ್ರತಿ "ನುಡಿ" ಅಥವಾ "ಬರಹ" ಅನ್ನೋ ಕನ್ನಡ ಟೈಪಿಂಗ್ ತಂತ್ರಾಂಶದಲ್ಲಿ ಟೈಪ್ ಮಾಡಿದ ಹಳೇ ವರ್ಡ್ ಫೈಲ್ ಇರಬಹುದು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆಗೆದರೆ ಬರೀ ಇಂಗ್ಲಿಷ್ ಚಿಹ್ನೆಗಳ ರಾಶಿ. ಫಾಂಟ್ ಇರುವ ಕಡೆ ತೆಗೆದು ಪಿಡಿಎಫ್ ಮಾಡಿಕೊಂಡರೆ ಫಾಂಟ್ ಅದರೊಳಗೇ ಸೇರಿಕೊಳ್ಳುತ್ತೆ, ಆಮೇಲೆ ಯಾವ ಪ್ರಿಂಟರಿಗೆ ಕಳಿಸಿದರೂ ಒತ್ತು, ದೀರ್ಘ ಅಲುಗಾಡಲ್ಲ. ಈ ಅಗ್ಗದ ಲೇಸರ್‌ಗಳಲ್ಲಿ ಪುಟವನ್ನು ಕಂಪ್ಯೂಟರೇ ಚಿತ್ರವಾಗಿ ತಯಾರಿಸಿ ಕಳಿಸುವುದರಿಂದ "ಪ್ರಿಂಟರಿಗೆ ಕನ್ನಡ ಬರುತ್ತಾ" ಅನ್ನೋ ಪ್ರಶ್ನೆಯೇ ಇಲ್ಲ.

ಯೂನಿಕೋಡ್‌ನಲ್ಲಿದ್ದರೆ ಫಾಂಟ್ ಸ್ವಲ್ಪ ದಪ್ಪದ್ದು ಹಾಕಿ, ಸಾಲಿನ ನಡುವೆ ಜಾಗ ಬಿಡಿ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿದರೆ ಹಿರಿಯರಿಗೆ ಓದಲು ಕಷ್ಟ. 18 ಪಾಯಿಂಟ್ ಇದ್ದರೂ ಪದ್ಯದ ಸಾಲು ಚಿಕ್ಕದು, ಪುಟದಲ್ಲಿ ಬಿಳಿಯೇ ಹೆಚ್ಚು. ಕಂಪನಿಯ ಪುಟದ ಲೆಕ್ಕ ಐದು ಪರ್ಸೆಂಟ್ ಕಪ್ಪು ಅಂತ ಹಿಡಿದಿದ್ದು, ನಿಮಗೆ ಅದರ ಆಸುಪಾಸು ಬರಬಹುದು.

ಕಾನಸೂರು_ಮಾಣಿ:

ತುಂಬ ಉಪಕಾರ ಆಯ್ತು. ಡಿಡಬ್ಲ್ಯು ಇರುವ ಲೇಸರ್ ಒಂದಕ್ಕೆ ಹೇಳಿ ಬಂದೆ, ಶಿರಸಿ ಅಂಗಡಿಗೆ ಬರಲಿಕ್ಕೆ ಒಂದು ವಾರ ಅಂತೆ. ಬಜೆಟ್ ಸ್ವಲ್ಪ ಮೀರಿತು. ಎರಡು ಬದಿ ಪ್ರಿಂಟ್ ಇದ್ದರೆ ಪ್ರಸಂಗ ಹೊಲಿದು ಪುಸ್ತಕ ಮಾಡ್ಕಳಲಕ್ಕು ಅಂದ ಅಪ್ಪಯ್ಯ, ಅಲ್ಲಿಗೆ ತೀರ್ಮಾನ ಆಯ್ತು. ಮಳೆಗಾಲದ ಥಂಡಿಗೆ ಏನು ಮಾಡಬೇಕು?

ಹುಬ್ಬಳ್ಳಿ_ರೀಫಿಲ್:

ಮಷಿನ್‌ಗೆ ಥಂಡಿ ಅಷ್ಟೇನೂ ಮಾಡೂದಿಲ್ಲ, ಕಾಗದಕ್ಕ ಮಾಡತೈತಿ. ಹಸಿ ಹಾಳಿ ಫ್ಯೂಸರಿನ ಬಿಸಿಗೆ ಸುರುಳಿ ಸುತ್ತತೈತಿ, ಸಿಕ್ಕೊಂತೈತಿ, ಅಕ್ಷರ ಸರಿ ಕೂಡೂದಿಲ್ಲ. ರಿಮ್ ಒಡದ ಮ್ಯಾಲೆ ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಇಡ್ರಿ. ಟ್ರೇದಾಗ ತುಂಬಿ ಬಿಡಬ್ಯಾಡ್ರಿ, ಬೇಕಾದಷ್ಟ ಹಾಕ್ರಿ. ಕಾಗದ 70 ಇಲ್ಲಾ 75 ಜಿಎಸ್‌ಎಂ (ಹಾಳಿ ತೂಕದ ಅಳತಿ) ಇದ್ರ ಸಾಕು. ಮಷಿನ್ ಮ್ಯಾಲೆ ಹಳೇ ಬೆಡ್‌ಶೀಟ್ ಒಂದು ಹೊಚ್ಚರಿ. ಹಲ್ಲಿ ಒಳಗ ಹೊಕ್ಕು ಗೇರ್‌ನ್ಯಾಗ ಸಿಕ್ಕ ಕೇಸು ನಮ್ಮಂಗಡಿಗೆ ಬರ್ತಾನ ಇರ್ತಾವ. ಹಚ್ಚೂ ಮುಂಚೆ ಬೆಡ್‌ಶೀಟ್ ತೆಗೀಬೇಕು, ಅದನ್ನೂ ಹೇಳಬೇಕಾಗತೈತಿ.

ಡ್ರಮ್ ಹೊರಗ ತೆಗದ್ರ ಬಿಸಲಾಗ ಇಡಬ್ಯಾಡ್ರಿ. ಪುಡಿ ಚೆಲ್ಲಿದ್ರ ತಣ್ಣೀರ ಬಟ್ಟೀಲೆ ಒರಸ್ರಿ, ಬಿಸಿನೀರ ಹಾಕಿದ್ರ ಕರಗಿ ಅಂಟತೈತಿ.

ಪುಣೆ_ಕನ್ನಡತಿ:

ಪುಸ್ತಕಕ್ಕೆ ಪ್ಲಾಸ್ಟಿಕ್ ರಟ್ಟು ಹಾಕೋದಾದ್ರೆ ಒಂದು ಮಾತು. ಲೇಸರ್ ಪುಟವನ್ನ ಮೆತ್ತನೆಯ ಪಿವಿಸಿ ಕವರಿನಲ್ಲಿ ವರ್ಷಗಟ್ಟಲೆ ಇಟ್ಟರೆ ಅಕ್ಷರ ಪ್ಲಾಸ್ಟಿಕ್ಕಿಗೆ ಅಂಟಿಕೊಂಡು ಬಂದುಬಿಡುತ್ತೆ. ಮೊದಲು, ಕೊನೆಗೆ ಒಂದೊಂದು ಖಾಲಿ ಹಾಳೆ ಸೇರಿಸಿ ಹೊಲಿಯಿರಿ.

ವೋಲ್ಟೇಜ್_ಭಟ್ಟ:

ವೈಫೈ ಇದ್ದರೂ ಮೊದಲ ಸಲ ಯುಎಸ್‌ಬಿ ಕೇಬಲ್ ಇಟ್ಟುಕೊಳ್ಳಿ. ಕರೆಂಟ್ ಹೋಗಿ ಬಂದಾಗ ರೂಟರ್ ಪ್ರಿಂಟರಿಗೆ ಬೇರೆ ವಿಳಾಸ ಕೊಟ್ಟರೆ ಕಂಪ್ಯೂಟರ್ "ಪ್ರಿಂಟರ್ ಆಫ್‌ಲೈನ್" ಅಂತ ಹಟ ಹಿಡಿಯುತ್ತದೆ. ರೂಟರಿನಲ್ಲಿ ಐಪಿ ವಿಳಾಸ ಕಾಯಂ ಮಾಡಿಬಿಟ್ಟರೆ ಮುಗಿಯಿತು.

ಕಾನಸೂರು_ಮಾಣಿ:

ಆಯ್ತು, ಹಾಗೇ ಮಾಡ್ತೇನೆ. ಹಳೇ ಇಂಕ್‌ಜೆಟ್ ಏನು ಮಾಡಲಿ? ಮಗಳಿಗೆ ಅಪರೂಪಕ್ಕೆ ಕಲರ್ ಚಾರ್ಟ್ ಬೇಕಾಗ್ತದೆ, ಅದಕ್ಕೆ ಇಟ್ಟುಕೊಳ್ಳಬಹುದಾ?

ಹುಬ್ಬಳ್ಳಿ_ರೀಫಿಲ್:

ಕಾರ್ಟ್ರಿಜ್‌ಗೇ ಹೆಡ್ ಇರೂವಂಥಾದ್ದಾದ್ರ ಒಂದ ಸಲ ನೋಡ್ರಿ. ಟಿಶ್ಯೂ ಪೇಪರ್ ಮಡಚಿ ಉಗುರ ಬೆಚ್ಚನ ನೀರಾಗ ಒದ್ದಿ ಮಾಡಿ ತಟ್ಟಿಯೊಳಗ ಇಡ್ರಿ, ಅದರ ಮ್ಯಾಲೆ ಕಾರ್ಟ್ರಿಜ್‌ದ ತೂತಿನ ಮಗ್ಗಲ ಕೆಳಗ ಮಾಡಿ ಎರಡ ನಿಮಿಷ ಕೂಡಸ್ರಿ. ತಿಕ್ಕಬ್ಯಾಡ್ರಿ. ತಾಮ್ರದ ಕಾಂಟ್ಯಾಕ್ಟ್‌ಗೆ ನೀರ ತಾಗಸಬ್ಯಾಡ್ರಿ, ತಾಗಿದ್ರ ಪೂರ್ತಿ ಒಣಗಿಸಿ ಹಾಕ್ರಿ. ಟಿಶ್ಯೂ ಮ್ಯಾಲೆ ಮೂರೂ ಬಣ್ಣದ ಪಟ್ಟಿ ಮೂಡಿದ್ರ ಕಾರ್ಟ್ರಿಜ್ ಜೀವಂತ ಐತಿ. ಒಂದು ಬಣ್ಣ ಮೂಡಲಿಲ್ಲ ಅಂದ್ರ ಅದಕ್ಕ ಮತ್ತ ರೊಕ್ಕ ಹಾಕಬ್ಯಾಡ್ರಿ, ಚಾರ್ಟ್‌ಗೆ ಪ್ಯಾಟಿಗೇ ಹೋಗ್ರಿ.

ಚಾಮುಂಡಿ_ತಪ್ಪಲು:

ಅಂತೂ ಅಂಗಡಿಗೆ ಒಂದು ಗಿರಾಕಿ ಉಳೀತು.